ಪಕ್ಕದ ಮನೆಯವರು ಎಷ್ಟು ಕಂದಾಯ ಕಟ್ತಾರೆ? ಕ್ಯಾಲಿಫೋರ್ನಿಯಾದ ಕೌಂಟಿ ಕಡತದಲ್ಲಿರೋ ಕಥೆ

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

ಇವತ್ತಿನ ವಿಷಯ ಮನೆ ಕಂದಾಯ. ತಡೀರಿ, ತಡೀರಿ, ಸ್ಕಿಪ್ ಮಾಡಬೇಡಿ! ಈ ಕಥೆಯಲ್ಲಿ ಲಂಚ ತಗೊಂಡು ಸಿಕ್ಕಿಬಿದ್ದ ಅಧಿಕಾರಿ ಇದ್ದಾನೆ, ರೊಚ್ಚಿಗೆದ್ದ ಮತದಾರರಿದ್ದಾರೆ, ಸುಪ್ರೀಂ ಕೋರ್ಟ್‌ವರೆಗೂ ಹೋದ ಒಬ್ಬ ಹೆಣ್ಣುಮಗಳಿದ್ದಾಳೆ. ಎಲ್ಲಕ್ಕಿಂತ ಮುಖ್ಯವಾಗಿ, ಯಾರು ಬೇಕಾದರೂ ತೆರೆದು ನೋಡಬಹುದಾದ ಒಂದು ಸರ್ಕಾರಿ ಪುಸ್ತಕ ಇದೆ.

ಮೊದಲು ಒಂದು ಲೆಕ್ಕ ಮಾಡೋಣ. ಕ್ಯಾಲಿಫೋರ್ನಿಯಾದ ಸನಿವೇಲ್ ಊರು ಅಂದುಕೊಳ್ಳಿ. ನಿಮ್ಮ ದೊಡ್ಡಪ್ಪನ ಮಗಳೋ, ಕಾಲೇಜಿನ ಸೀನಿಯರ್ರೋ ಆ ಕಡೆ ಇರಬಹುದು. ಅವರು 2021ರಲ್ಲಿ 15 ಲಕ್ಷ ಡಾಲರ್ ಕೊಟ್ಟು ಒಂದು ಮನೆ ತಗೊಂಡರು. ಅಲ್ಲಿನ ಮೂಲ ಆಸ್ತಿ ತೆರಿಗೆ ಶೇ 1. ಅಂದ್ರೆ ವರ್ಷಕ್ಕೆ 15,000 ಡಾಲರ್. ಪಕ್ಕದಲ್ಲೇ ಅದೇ ಅಳತೆಯ, ಅದೇ ಕಾಲದಲ್ಲಿ ಕಟ್ಟಿದ ಇನ್ನೊಂದು ಮನೆ. ಅದರ ಮಾಲೀಕರು 1975ರಿಂದ ಅಲ್ಲೇ ಇದ್ದಾರೆ. ಆಗ ಆ ಮನೆ ಬೆಲೆ 50,000 ಡಾಲರ್ ಇತ್ತು ಅಂತ ಇಟ್ಟುಕೊಂಡ್ರೆ, ಅವರ ಮೂಲ ತೆರಿಗೆ 2021ರಲ್ಲಿ ಹೆಚ್ಚೆಂದರೆ ಸುಮಾರು 1,240 ಡಾಲರ್.

ಅದೇ ಬೀದಿ, ಅದೇ ಕಸದ ಗಾಡಿ, ಅದೇ ಶಾಲೆ. ಆದರೆ ಒಬ್ಬರು ಇನ್ನೊಬ್ಬರ 12 ಪಟ್ಟು ಕಟ್ತಾರೆ. ಇದರಲ್ಲಿ ಮೋಸ ಇಲ್ಲ, ಕಾನೂನೇ ಹಾಗಿದೆ. ಈ ಕಾನೂನು ಹೇಗೆ ಹುಟ್ಟಿತು ಅನ್ನೋದೇ ಇವತ್ತಿನ ಕಥೆ.

ಮೂರು ಕೌಂಟರ್, ಒಂದು ಪಟ್ಟಿ

ಕ್ಯಾಲಿಫೋರ್ನಿಯಾದಲ್ಲಿ 58 ಕೌಂಟಿಗಳಿವೆ. ಕೌಂಟಿ ಅಂದ್ರೆ ಹೆಚ್ಚೂಕಮ್ಮಿ ನಮ್ಮ ಜಿಲ್ಲೆ ಇದ್ದ ಹಾಗೆ. ಮನೆಗೆ ಸಂಬಂಧಪಟ್ಟ ಕೆಲಸ ಅಲ್ಲಿ ಮೂರು ಕಡೆ ನಡೆಯುತ್ತೆ. ಕ್ರಯಪತ್ರ ದಾಖಲಾಗೋದು ರೆಕಾರ್ಡರ್ ಕಚೇರಿಯಲ್ಲಿ. ಆ ಆಸ್ತಿಗೆ ಬೆಲೆ ಕಟ್ಟೋದು ಅಸೆಸರ್. ದುಡ್ಡು ವಸೂಲಿ ಮಾಡೋದು ಟ್ಯಾಕ್ಸ್ ಕಲೆಕ್ಟರ್. ಪ್ರತಿ ಜಾಗಕ್ಕೂ ಒಂದು ಪಾರ್ಸೆಲ್ ನಂಬರ್ ಇರುತ್ತೆ. ಜನವರಿ 1ರಂದು ಆಸ್ತಿ ಯಾರ ಹೆಸರಲ್ಲಿತ್ತು, ಹೇಗಿತ್ತು ಅನ್ನೋದರ ಮೇಲೆ ಆ ವರ್ಷದ ಲೆಕ್ಕ. ಅಸೆಸರ್ ಕಟ್ಟಿದ ಬೆಲೆ ಜಾಸ್ತಿ ಆಯ್ತು ಅನ್ನಿಸಿದರೆ ಮೇಲ್ಮನವಿ ಹಾಕಬಹುದು.

ಇದರಲ್ಲಿ ಎರಡು ವಿಷಯ ನೆನಪಿಟ್ಟುಕೊಳ್ಳಿ. ಒಂದು, ಅಸೆಸರ್ ಅನ್ನೋರು ಬಡ್ತಿ ಪಡೆದು ಬಂದ ಅಧಿಕಾರಿ ಅಲ್ಲ. ಜನರೇ ಓಟು ಹಾಕಿ ಆರಿಸೋ ವ್ಯಕ್ತಿ. ಎರಡು, ಅವರು ತಯಾರಿಸೋ ಮೌಲ್ಯದ ಪಟ್ಟಿ ಸಾರ್ವಜನಿಕ ದಾಖಲೆ. ನಿಮ್ಮ ಮನೆಗೆ ಎಷ್ಟು ಬೆಲೆ ಹಾಕಿದ್ದಾರೆ ಅಂತ ನಾನು ನೋಡಬಹುದು, ನನ್ನದನ್ನು ನೀವು ನೋಡಬಹುದು. ಈಗ ಹಲವು ಕೌಂಟಿಗಳ ವೆಬ್‌ಸೈಟ್‌ನಲ್ಲಿ ವಿಳಾಸ ಹಾಕಿದರೆ ಸಾಕು, ಮೌಲ್ಯ ಬರುತ್ತೆ. ಮಾಲೀಕರ ಹೆಸರನ್ನ ಸಾಮಾನ್ಯವಾಗಿ ಆನ್‌ಲೈನ್‌ನಲ್ಲಿ ತೋರಿಸಲ್ಲ, ಅದು ಬೇಕಿದ್ದರೆ ಕಚೇರಿಗೇ ಹೋಗಬೇಕು.

ಲಂಚಕೋರ ಅಸೆಸರ್

ಈಗ 1965ಕ್ಕೆ ಹೋಗೋಣ, ಸ್ಯಾನ್ ಫ್ರಾನ್ಸಿಸ್ಕೋಗೆ. ಅಲ್ಲಿ ಅಸೆಸರ್ ಆಗಿದ್ದವರು ರಸೆಲ್ ವೋಲ್ಡನ್. ಎಲ್ಲ ಆಸ್ತಿಗೂ ಒಂದೇ ಅನುಪಾತದಲ್ಲಿ ಬೆಲೆ ಕಟ್ಟಬೇಕು ಅಂತ ನಿಯಮ ಇತ್ತು. ಆದರೆ ರಾಜ್ಯದ ಹಲವು ಕೌಂಟಿಗಳಲ್ಲಿ ಅದು ಸರಿಯಾಗಿ ನಡೀತಿರಲಿಲ್ಲ. ಪೂರ್ತಿ ಮಾರುಕಟ್ಟೆ ಬೆಲೆ ಹಾಕೋ ಬದಲು ಅದರ ಒಂದು ಪಾಲನ್ನ ಮಾತ್ರ ಬರೀತಿದ್ದರು. ಆ ಪಾಲು ಎಷ್ಟು ಅನ್ನೋದು ಅಸೆಸರ್ ಮರ್ಜಿ.

ಕೆಲವು ಕಂಪನಿಗಳು ಒಬ್ಬ ತೆರಿಗೆ ಸಲಹೆಗಾರನಿಗೆ ಶುಲ್ಕ ಕೊಡ್ತಿದ್ದವು. ಕೊಟ್ಟವರ ಆಸ್ತಿಯ ಮೌಲ್ಯ ಕಡಿಮೆ ಆಗ್ತಿತ್ತು. ಆ ಶುಲ್ಕದಲ್ಲಿ ಒಂದು ಭಾಗ ವೋಲ್ಡನ್ ಕೈ ಸೇರ್ತಿತ್ತು. ಆ ಸಲಹೆಗಾರನ ಹತ್ತಿರ ಕೆಲಸಕ್ಕಿದ್ದ ಒಬ್ಬಾತನೇ ಕಾಗದಪತ್ರಗಳನ್ನ ಪತ್ರಿಕೆಯವರಿಗೆ ಕೊಟ್ಟುಬಿಟ್ಟ. ದೊಡ್ಡ ರಾದ್ಧಾಂತ ಆಯ್ತು. ತನಿಖೆ ಬೇರೆ ಕೌಂಟಿಗಳಿಗೂ ಹಬ್ಬಿತು. 1966ರಲ್ಲಿ ವೋಲ್ಡನ್‌ಗೆ ಶಿಕ್ಷೆ ಆಯ್ತು.

ಇಲ್ಲಿಗೆ ಕಥೆ ಮುಗಿದಿದ್ದರೆ ಸುಖಾಂತ್ಯ. ಆದರೆ ಮುಗೀಲಿಲ್ಲ.

ಅದೇ ವರ್ಷ ರಾಜ್ಯದ ಶಾಸನಸಭೆ ಒಂದು ಸುಧಾರಣಾ ಕಾಯ್ದೆ ತಂದಿತು. ಇನ್ನು ಅಸೆಸರ್ ಮರ್ಜಿ ಇಲ್ಲ. ಮನೆಯಾಗಲಿ, ಕಾರ್ಖಾನೆಯಾಗಲಿ, ಎಲ್ಲಕ್ಕೂ ಮಾರುಕಟ್ಟೆ ಬೆಲೆಯ ಶೇ 25. ಮತ್ತೆ ಕೆಲವು ವರ್ಷಗಳಿಗೊಮ್ಮೆ ಮರುಮೌಲ್ಯಮಾಪನ. ನೋಡೋಕೆ ಎಷ್ಟು ಚೆನ್ನಾಗಿದೆ ಅಲ್ವಾ?

ಆಗಲೇ ಯಾರೂ ಗಮನಿಸದೇ ಇದ್ದ ಒಂದು ವಿಷಯ ಹೊರಗೆ ಬಂತು. ಅಸೆಸರ್‌ಗಳು ಓಟಿಗೆ ನಿಲ್ಲೋರು ತಾನೇ? ಓಟು ಹಾಕೋರು ಮನೆಯವರು, ಕಾರ್ಖಾನೆಗಳಲ್ಲ. ಹಾಗಾಗಿ ಹಳೇ ಪದ್ಧತಿಯಲ್ಲಿ ಸಾಮಾನ್ಯ ಮನೆಗಳಿಗೆ ತುಂಬಾ ಕಡಿಮೆ ಬೆಲೆ ಬರೀತಿದ್ದರು, ವ್ಯಾಪಾರದ ಆಸ್ತಿಗೆ ಜಾಸ್ತಿ. ಲಂಚ ಕೊಟ್ಟ ಕಂಪನಿಗೂ ಕೆಲವೊಮ್ಮೆ ಮನೆಯವರಷ್ಟು ರಿಯಾಯಿತಿ ಸಿಕ್ಕಿರಲಿಲ್ಲ. ಎಲ್ಲರಿಗೂ ಶೇ 25 ಅಂದ ಕೂಡಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನೆಯವರ ಬಿಲ್ ಏರಿತು, ಎಷ್ಟೋ ವ್ಯಾಪಾರಿಗಳದ್ದು ಇಳಿಯಿತು. ಆ ಲಂಚಕೋರ ಅಸೆಸರ್‌ನೇ ವಾಪಸ್ ಕರೀರಿ ಅಂತ ಜನ ಕಾರಿನ ಹಿಂದೆ ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡಿದರು!

ಈ ದುಡ್ಡು ಎಲ್ಲಿಗೆ ಹೋಗ್ತಿತ್ತು?

ಮುಖ್ಯವಾಗಿ ಶಾಲೆಗಳಿಗೆ. ಆ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಸರ್ಕಾರಿ ಶಾಲೆಗಳು ಬಹಳಷ್ಟು ನಡೀತಿದ್ದದ್ದು ಸ್ಥಳೀಯ ಆಸ್ತಿ ತೆರಿಗೆಯಿಂದ. ಲಾಸ್ ಏಂಜಲೀಸ್ ಕೌಂಟಿಯ ಎರಡು ಊರು ನೋಡಿ. ಶ್ರೀಮಂತರ ಬೆವರ್ಲಿ ಹಿಲ್ಸ್, ಕೂಲಿ ಕಾರ್ಮಿಕರ ಬಾಲ್ಡ್‌ವಿನ್ ಪಾರ್ಕ್. 1968–69ರಲ್ಲಿ ಬಾಲ್ಡ್‌ವಿನ್ ಪಾರ್ಕ್‌ನಲ್ಲಿ ಒಂದು ಮಗುವಿಗೆ ಖರ್ಚಾಗ್ತಿದ್ದದ್ದು 577 ಡಾಲರ್. ಬೆವರ್ಲಿ ಹಿಲ್ಸ್‌ನಲ್ಲಿ 1,232. ಹಾಗಾದರೆ ಬಡವರು ಕಡಿಮೆ ತೆರಿಗೆ ಕಟ್ತಿದ್ದರಾ? ಉಲ್ಟಾ. ಪ್ರತಿ 100 ಡಾಲರ್ ಮೌಲ್ಯಕ್ಕೆ ಬಾಲ್ಡ್‌ವಿನ್ ಪಾರ್ಕ್‌ನವರು 5.48 ಡಾಲರ್ ಕಟ್ತಿದ್ದರು, ಬೆವರ್ಲಿ ಹಿಲ್ಸ್‌ನವರು 2.38. ಅಲ್ಲಿನ ಆಸ್ತಿಗಳ ಬೆಲೆಯೇ ಅಷ್ಟು ದೊಡ್ಡದು, ಕಡಿಮೆ ದರದಲ್ಲೇ ರಾಶಿ ದುಡ್ಡು ಬೀಳ್ತಿತ್ತು.

ಜಾನ್ ಸೆರಾನೋ ಅನ್ನೋ ಒಬ್ಬ ತಂದೆ ಮತ್ತು ಇತರ ಪೋಷಕರು ಕೇಸು ಹಾಕಿದರು. 1971ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಅವರ ವಾದ ಒಪ್ಪಿತು. ಮಗುವಿನ ಓದು ಪಕ್ಕದ ಮನೆಗಳ ಬೆಲೆಯ ಮೇಲೆ ನಿಲ್ಲಬಾರದು ಅನ್ನೋದು ಅದರ ತಾತ್ಪರ್ಯ. ಆ ಲೆಕ್ಕ ಕೋರ್ಟಿನ ಮುಂದೆ ಇಡೋಕೆ ಆಗಿದ್ದು ಯಾಕೆ? ಊರೂರಿನ ಆಸ್ತಿ ಮೌಲ್ಯ, ತೆರಿಗೆ ದರ ಎಲ್ಲ ತೆರೆದ ದಾಖಲೆಯಲ್ಲಿ ಇತ್ತು, ಅದಕ್ಕೆ.

1978: ಜನ ಸಿಡಿದೆದ್ದರು

70ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮನೆಗಳ ಬೆಲೆ ಗಗನಕ್ಕೇರಿತು. ಹೊಸ ಕಾಯ್ದೆ ಇದೆ, ಕಚೇರಿಯಲ್ಲಿ ಕಂಪ್ಯೂಟರ್ ಬಂದಿದೆ. ಬೆಲೆ ಏರಿದ ಹಾಗೆ ತೆರಿಗೆಯೂ ಏರಿತು. ಪಿಂಚಣಿಯಲ್ಲಿ ಬದುಕ್ತಿದ್ದ ಅಜ್ಜಿಗೆ ಮನೆ ಬೆಲೆ ಎರಡು ಪಟ್ಟು ಆಯ್ತು ಅಂತ ಸಂತೋಷ ಆಗಲ್ಲ. ಆಕೆ ಮನೆ ಮಾರೋಳಲ್ಲ. ಆದರೆ ಬಿಲ್ ಮಾತ್ರ ಎರಡು ಪಟ್ಟು ಬರುತ್ತೆ. ಅದೇ ಹೊತ್ತಲ್ಲಿ ರಾಜ್ಯ ಸರ್ಕಾರದ ಬೊಕ್ಕಸದಲ್ಲಿ ನೂರಾರು ಕೋಟಿ ಡಾಲರ್ ಮಿಕ್ಕಿತ್ತು. ಶಾಸನಸಭೆ ಚರ್ಚೆ ಮಾಡ್ತಾನೇ ಇತ್ತು, ಪರಿಹಾರ ಬರಲಿಲ್ಲ.

ಹೊವರ್ಡ್ ಜಾರ್ವಿಸ್ ಅನ್ನೋ ನಿವೃತ್ತ ಉದ್ಯಮಿ, ಪಾಲ್ ಗ್ಯಾನ್ ಅನ್ನೋ ಜೊತೆಗಾರ ಸಹಿ ಸಂಗ್ರಹಕ್ಕೆ ಇಳಿದರು. ಜನರೇ ನೇರವಾಗಿ ಸಂವಿಧಾನ ತಿದ್ದುಪಡಿಯನ್ನ ಮತಕ್ಕೆ ಹಾಕೋ ಅವಕಾಶ ಆ ರಾಜ್ಯದಲ್ಲಿದೆ. ಅವರ ಪ್ರಸ್ತಾವದ ಸಂಖ್ಯೆ 13. ಗವರ್ನರ್ ಜೆರ್ರಿ ಬ್ರೌನ್ ಇದನ್ನ ವಿರೋಧಿಸಿದರು.

ಮತದಾನಕ್ಕೆ ಕೆಲವೇ ವಾರ ಇದ್ದಾಗ ಲಾಸ್ ಏಂಜಲೀಸ್‌ನ ಅಸೆಸರ್ ಅಲೆಕ್ಸಾಂಡರ್ ಪೋಪ್ ಒಂದು ಕೆಲಸ ಮಾಡಿದರು. ಹೊಸ ಮೌಲ್ಯಗಳನ್ನ ಚುನಾವಣೆ ಮುಗಿಯೋವರೆಗೂ ಮುಚ್ಚಿಡೋ ಬದಲು ಮೊದಲೇ ಬಹಿರಂಗ ಮಾಡಿದರು. ಜನ ಬಂದು ತಮ್ಮ ಮನೆಯ ಅಂಕಿ ನೋಡಿ ಬೆಚ್ಚಿಬಿದ್ದರು. ಕೆಲವರದ್ದು ಎರಡು ಪಟ್ಟು ಆಗಿತ್ತು.

1978ರ ಜೂನ್ 6. ಸುಮಾರು ಶೇ 65ರಷ್ಟು ಮತದಾರರು 'ಹೌದು' ಅಂದರು. ಮೂಲ ತೆರಿಗೆ ಶೇ 1ಕ್ಕಿಂತ ಹೆಚ್ಚಿಲ್ಲ. ಮೌಲ್ಯ 1975ರ ಮಟ್ಟಕ್ಕೆ ವಾಪಸ್. ಅಲ್ಲಿಂದ ವರ್ಷಕ್ಕೆ ಗರಿಷ್ಠ ಶೇ 2ರ ಏರಿಕೆ. ಮನೆ ಮಾರಾಟ ಆದಾಗ ಹೊಸ ಬೆಲೆ. ಸ್ಥಳೀಯ ಸಂಸ್ಥೆಗಳ ಆಸ್ತಿ ತೆರಿಗೆ ಆದಾಯ ಒಂದೇ ಏಟಿಗೆ ಅರ್ಧಕ್ಕಿಂತ ಹೆಚ್ಚು ಕುಸೀತು. ರಾಜ್ಯ ತನ್ನ ಉಳಿತಾಯದಿಂದ ಕೈ ಹಿಡೀತು. ಶಾಲೆಗಳ ದುಡ್ಡಿನ ಹಿಡಿತ ಊರುಗಳಿಂದ ರಾಜಧಾನಿ ಸ್ಯಾಕ್ರಮೆಂಟೋಗೆ ಹೋಯ್ತು.

ಆ ಅಜ್ಜಿ ಮನೆ ಉಳೀತು. ಇದನ್ನ ಹಗುರವಾಗಿ ತಗೋಬಾರದು. ಆದರೆ ಅದೇ ರಕ್ಷಣೆ ಕಡಲತೀರದ ಬಂಗಲೆಗೂ ಸಿಕ್ಕಿತು, ಆಫೀಸ್ ಕಟ್ಟಡಗಳಿಗೂ ಸಿಕ್ಕಿತು.

ಒಂದು ಬೀದಿ ಆಚೆಯ ಮನೆ

ಹತ್ತು ವರ್ಷ ಮುಂದೆ ಬನ್ನಿ. ಸ್ಟೆಫನಿ ನಾರ್ಡ್‌ಲಿಂಗರ್, ಲಾಸ್ ಏಂಜಲೀಸ್‌ನ ವಕೀಲೆ. ಅಲ್ಲಿಯವರೆಗೆ ಬಾಡಿಗೆ ಮನೆಯಲ್ಲಿದ್ದವರು. 1988ರ ನವೆಂಬರ್‌ನಲ್ಲಿ ಬಾಲ್ಡ್‌ವಿನ್ ಹಿಲ್ಸ್‌ನಲ್ಲಿ 1,70,000 ಡಾಲರ್‌ಗೆ ಒಂದು ಸಾಧಾರಣ ಮನೆ ಕೊಂಡರು. ತೆರಿಗೆ ಬಿಲ್ ಬಂತು: 1,701 ಡಾಲರ್. ಒಂದು ಬ್ಲಾಕ್ ಆಚೆ ಅಷ್ಟೇ ದೊಡ್ಡ ಮನೆ, ಸೈಟು ಇನ್ನೂ ಸ್ವಲ್ಪ ದೊಡ್ಡದು. ಅದರ ತೆರಿಗೆ 358 ಡಾಲರ್, 20 ಸೆಂಟ್. ಇನ್ನೊಂದು ಲೆಕ್ಕ ಇನ್ನೂ ಉರಿಸೋ ಹಾಗಿತ್ತು. 1975ಕ್ಕೂ ಮೊದಲು ಕೊಂಡ, ಆಗ 21 ಲಕ್ಷ ಡಾಲರ್ ಬೆಲೆಬಾಳ್ತಿದ್ದ ಮಾಲಿಬು ಸಮುದ್ರತೀರದ ಮನೆಯೊಂದರ ತೆರಿಗೆ ಆಕೆಯದಕ್ಕಿಂತ ಕೆಲವೇ ಡಾಲರ್ ಜಾಸ್ತಿ ಇತ್ತು.

ಈ ಸಂಖ್ಯೆಗಳೆಲ್ಲ ಯಾರದೋ ಗುಟ್ಟಿನ ಫೈಲ್‌ನಲ್ಲಿದ್ದವಲ್ಲ, ಅಸೆಸರ್ ಪಟ್ಟಿಯಲ್ಲಿದ್ದವು.

ಸಮಾನ ರಕ್ಷಣೆಯ ಹಕ್ಕಿಗೆ ಇದು ವಿರುದ್ಧ ಅಂತ ಆಕೆ ಕೌಂಟಿ ಮತ್ತು ಅಸೆಸರ್ ಮೇಲೆ ಕೇಸು ಹಾಕಿದರು. ಅಮೆರಿಕದ ಸುಪ್ರೀಂ ಕೋರ್ಟ್ 1992ರ ಜೂನ್‌ನಲ್ಲಿ ತೀರ್ಪು ಕೊಟ್ಟಿತು. ಎಂಟು ಜನ ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಆಕೆ ಸೋತರು. ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಬರೆದ ತೀರ್ಪಿನ ಸಾರ ಇಷ್ಟು: ಹೊಸದಾಗಿ ಕೊಳ್ಳೋರಿಗೆ ತೆರಿಗೆ ಎಷ್ಟು ಅಂತ ಮೊದಲೇ ಗೊತ್ತಿರುತ್ತೆ, ಬೇಡ ಅಂದ್ರೆ ಕೊಳ್ಳದೇ ಇರಬಹುದು. ಆದರೆ ಈಗಾಗಲೇ ಮನೆಯಲ್ಲಿರೋರಿಗೆ ಆ ಆಯ್ಕೆ ಇಲ್ಲ. ನೆರೆಹೊರೆ ಚದುರಿಹೋಗದ ಹಾಗೆ ನೋಡಿಕೊಳ್ಳೋದು ರಾಜ್ಯದ ನ್ಯಾಯವಾದ ಉದ್ದೇಶ. ಒಪ್ಪದ ಒಬ್ಬರೇ ಒಬ್ಬರು ನ್ಯಾಯಮೂರ್ತಿ ಸ್ಟೀವನ್ಸ್. ಮೊದಲು ಬಂದರು ಅನ್ನೋ ಒಂದೇ ಕಾರಣಕ್ಕೆ ಕೆಲವರು ಕುಳಗಳಾಗಿಬಿಟ್ಟಿದ್ದಾರೆ ಅನ್ನೋ ಧಾಟಿಯಲ್ಲಿ ಅವರು ಭಿನ್ನಮತ ಬರೆದರು.

ಇದು ಆಗಲೇ ವಂಶಕ್ಕೂ ಹಬ್ಬಿತ್ತು. 1986ರ ಇನ್ನೊಂದು ತಿದ್ದುಪಡಿಯಿಂದ ಅಪ್ಪ-ಅಮ್ಮನ ಹಳೇ ಮೌಲ್ಯ ಮಕ್ಕಳಿಗೂ ಮುಂದುವರಿಯಿತು, ಮಕ್ಕಳು ಆ ಮನೆಯನ್ನ ಬಾಡಿಗೆಗೆ ಕೊಟ್ಟರೂ ಸರಿ. 2020ರಲ್ಲಿ ಮತದಾರರು ಇದಕ್ಕೆ ಕಡಿವಾಣ ಹಾಕಿದರು. ಈಗ ಮಗನೋ ಮಗಳೋ ಅಲ್ಲೇ ವಾಸ ಮಾಡಿದರೆ ಮಾತ್ರ ಆ ಲಾಭ, ಅದಕ್ಕೂ ಮಿತಿ ಇದೆ. ಅದೇ ಚುನಾವಣೆಯಲ್ಲಿ ದೊಡ್ಡ ವಾಣಿಜ್ಯ ಆಸ್ತಿಗಳಿಗೆ ಮಾರುಕಟ್ಟೆ ಬೆಲೆಯಲ್ಲೇ ತೆರಿಗೆ ಹಾಕೋಣ ಅನ್ನೋ ಪ್ರಸ್ತಾವ ಬಂದಿತ್ತು. ಅದು ಶೇ 48 ಮತ ಪಡೆದು ಸೋತಿತು.

ಕೊನೆಗೆ

ಲಂಚಕ್ಕೆ ಔಷಧಿ ಅಂತ 1966ರ ಸುಧಾರಣೆ ತಂದರು. ಅದರ ಉರಿಗೆ ಔಷಧಿ ಅಂತ 1978ರದ್ದು ಬಂತು. ಅದರಿಂದ ನಮ್ಮ ಸೀನಿಯರ್‌ಗೆ 15,000, ಪಕ್ಕದ ಮನೆಯವರಿಗೆ 1,240. ಪ್ರತಿ ಸಲವೂ ಯಾರಿಗೋ ನ್ಯಾಯ ಸಿಕ್ಕಿತು, ಅದರ ಬಿಲ್ ಇನ್ನೊಬ್ಬರ ಹೆಸರಿಗೆ ಹೋಯ್ತು. ದಾಖಲೆ ತೆರೆದಿತ್ತು ಅಂತ ನಾರ್ಡ್‌ಲಿಂಗರ್ ಗೆಲ್ಲಲಿಲ್ಲ, ನಿಜ. ಆದರೆ 358 ಡಾಲರ್ 20 ಸೆಂಟ್ ಅನ್ನೋ ಅಂಕಿ ಸಿಕ್ಕಿದ್ದರಿಂದಲೇ ಅದರ ಬಗ್ಗೆ ದೇಶವೇ ಜಗಳ ಆಡೋಕೆ ಸಾಧ್ಯ ಆಯ್ತು. ಆ ಜಗಳ ಇನ್ನೂ ನಡೀತಿದೆ.

ಹೋಗೋ ಮುಂಚೆ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ ಹೊಸದಾಗಿ ಮನೆ ಕೊಳ್ಳೋಕೆ ಹೊರಟಿರೋ ಅಕ್ಕ-ಭಾವ ಯಾರಾದರೂ ಇದ್ದರೆ ಈ ಸಂಚಿಕೆ ಅವರಿಗೆ ಕಳಿಸಿ. ಹಳೇ ಮಾಲೀಕರು ಕಟ್ತಿದ್ದ ತೆರಿಗೆ ನೋಡಿ ಬಜೆಟ್ ಹಾಕಬೇಡಿ ಅಂತ ಹೇಳಿ. ಹೆಸರು ಬದಲಾದ ಮೇಲೆ ಮೌಲ್ಯವೂ ಬದಲಾಗುತ್ತೆ, ವ್ಯತ್ಯಾಸದ ಮೊತ್ತಕ್ಕೆ 'ಸಪ್ಲಿಮೆಂಟಲ್ ಬಿಲ್' ಅಂತ ಬೇರೆಯೇ ಒಂದು ಲಕೋಟೆ ಬರುತ್ತೆ. ಪಕ್ಕದ ಮನೆಯವರದ್ದು ಎಷ್ಟು ಅನ್ನೋ ಕುತೂಹಲ ಇದ್ದರೆ, ಪಟ್ಟಿ ತೆರೆದೇ ಇದೆ. ನೋಡಿ ಹೊಟ್ಟೆ ಉರ್ಕೋಬೇಡಿ ಅಷ್ಟೇ.