ಎನ್‌ಪಿಟೆಲ್ ಆನ್‌ಲೈನ್ ಕೋರ್ಸ್: ಕಲಿಯುವ ಕ್ರಮ

ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕೇಂದ್ರ ಸರ್ಕಾರದ ನೆರವಿನಿಂದ 2003ರಲ್ಲಿ ಆರಂಭಿಸಿದ ಕಲಿಕಾ ಯೋಜನೆ ಎನ್‌ಪಿಟೆಲ್. ಮೊದಮೊದಲು ಇಲ್ಲಿ ಪ್ರಾಧ್ಯಾಪಕರ ಪಾಠದ ವಿಡಿಯೊ ಮತ್ತು ಟಿಪ್ಪಣಿಗಳಷ್ಟೇ ಸಿಗುತ್ತಿದ್ದವು. ವಾರವಾರದ ಅಸೈನ್‌ಮೆಂಟ್, ಕೊನೆಗೆ ಪರೀಕ್ಷೆ ಮತ್ತು ಪ್ರಮಾಣಪತ್ರ ಇರುವ ಕೋರ್ಸ್‌ಗಳು 2014ರಲ್ಲಿ ಶುರುವಾದವು. 2017ರ ಜುಲೈ 9ರಂದು ಆಗಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಉದ್ಘಾಟಿಸಿದ ‘ಸ್ವಯಂ’ ವೇದಿಕೆಯ ಮೂಲಕವೂ ಇವು ಈಗ ದೊರೆಯುತ್ತವೆ. ಯುಜಿಸಿಯ 2021ರ ನಿಯಮದ ಪ್ರಕಾರ ವಿಶ್ವವಿದ್ಯಾಲಯಗಳು ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಸ್ವಯಂ ಮೂಲಕ ಓದಲು ಅವಕಾಶ ಕೊಡಬಹುದು. ಬೆಳಗಾವಿಯ ವಿಟಿಯು ತನ್ನ ಬಿ.ಇ. ಆನರ್ಸ್ ಪದವಿಗೆ ಬೇಕಾದ ಹೆಚ್ಚುವರಿ ಕ್ರೆಡಿಟ್‌ಗಳನ್ನು ಇಂಥ ಕೋರ್ಸ್‌ಗಳಿಂದಲೇ ಗಳಿಸುವ ವ್ಯವಸ್ಥೆ ಮಾಡಿದೆ. ಹೀಗಾಗಿ ಕರ್ನಾಟಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಹೆಸರು ಚಿರಪರಿಚಿತ.

ಕೋರ್ಸಿಗೆ ಸೇರುವುದು ಉಚಿತ. ಪರೀಕ್ಷೆಗೆ ಮಾತ್ರ ಶುಲ್ಕ. ಸೇರುವುದು ಇಷ್ಟು ಸುಲಭವಾದ್ದರಿಂದ ಬಿಡುವುದೂ ಸುಲಭ. ಹಾರ್ವರ್ಡ್ ಮತ್ತು ಎಂಐಟಿಯ ಎಡ್ಎಕ್ಸ್ ಕೋರ್ಸ್‌ಗಳನ್ನು ಪರಿಶೀಲಿಸಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದ ಪ್ರಕಾರ, 2017–18ರಲ್ಲಿ ಸೇರಿದವರ ಪೈಕಿ ಕೋರ್ಸ್ ಮುಗಿಸಿದವರು ಶೇ 3ರ ಆಸುಪಾಸು. ಹಣ ಕಟ್ಟಿ ಪ್ರಮಾಣಪತ್ರಕ್ಕೆ ನೋಂದಾಯಿಸಿದವರಲ್ಲಿ ಈ ಪ್ರಮಾಣ ಶೇ 46. ಹಣ ಕಟ್ಟಿದವರು ಮೊದಲಿಂದಲೂ ಗಟ್ಟಿ ಮನಸ್ಸಿನವರೇ ಇರಬಹುದು. ಆದರೂ ಪರೀಕ್ಷಾ ಅರ್ಜಿ ತೆರೆದ ವಾರದಲ್ಲೇ ಅದನ್ನು ತುಂಬಿಬಿಡುವುದು ಒಳ್ಳೆಯದು, ಏಕೆಂದರೆ ಕೋರ್ಸಿಗೆ ಸೇರುವುದು ಬೇರೆ, ಪರೀಕ್ಷೆಗೆ ನೋಂದಾಯಿಸುವುದು ಬೇರೆ. ಇದು ತಿಳಿಯದೆ ಕೊನೆಯ ದಿನಾಂಕ ದಾಟಿಸಿಕೊಂಡರೆ ಹನ್ನೆರಡು ವಾರ ಓದಿದ್ದೂ ಪ್ರಮಾಣಪತ್ರಕ್ಕೆ ಲೆಕ್ಕಕ್ಕೆ ಬರುವುದಿಲ್ಲ.

ಕೋರ್ಸ್‌ಗಳು 4, 8 ಅಥವಾ 12 ವಾರಗಳವು. ವಾರಕ್ಕೆ ಸುಮಾರು ಎರಡೂವರೆ ಗಂಟೆಯ ವಿಡಿಯೊ ಇರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: ಎರಡೂವರೆ ಗಂಟೆ ನೋಡಿ ಮುಗಿಸಿದರೆ ವಾರದ ಓದು ಮುಗಿಯಿತೆಂದು ತಿಳಿಯುತ್ತಾರೆ. ಪ್ರಾಧ್ಯಾಪಕರು ಲೆಕ್ಕ ಬಿಡಿಸುವುದನ್ನು ನೋಡುತ್ತಿದ್ದಾಗ ಎಲ್ಲವೂ ಅರ್ಥವಾದಂತೆಯೇ ಇರುತ್ತದೆ. ಅರ್ಥವಾಗಿದೆಯೋ ಇಲ್ಲವೋ ಎಂಬುದು ವಿಡಿಯೊ ನಿಲ್ಲಿಸಿ ಪೆನ್ನು ಹಿಡಿದಾಗ ಗೊತ್ತಾಗುತ್ತದೆ. ಡೇಟಾ ಸ್ಟ್ರಕ್ಚರ್ಸ್ ಪಾಠದಲ್ಲಿ ಬೈನರಿ ಸರ್ಚ್ ಟ್ರೀಯಿಂದ ಒಂದು ನೋಡ್ ಅಳಿಸುವ ಭಾಗ ಬಂದಿದೆ ಎನ್ನಿ. 50, 30, 70, 20, 40, 60, 80 ಎಂಬ ಸಂಖ್ಯೆಗಳನ್ನು ಇದೇ ಅನುಕ್ರಮದಲ್ಲಿ ಸೇರಿಸಿ ಮರವನ್ನು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಬುಡದಲ್ಲಿರುವ 50ನ್ನು ತೆಗೆಯುವುದು ಹೇಗೆಂದು ಅವರು ಹೇಳುವ ಮೊದಲೇ ವಿಡಿಯೊ ನಿಲ್ಲಿಸಿ ತಾನೇ ಪ್ರಯತ್ನಿಸಬೇಕು. ಆ ಜಾಗಕ್ಕೆ ಬರುವ ಸಂಖ್ಯೆ ಎಡಗಡೆಯ ಎಲ್ಲಕ್ಕಿಂತ ದೊಡ್ಡದು, ಬಲಗಡೆ ಉಳಿಯುವ ಎಲ್ಲಕ್ಕಿಂತ ಚಿಕ್ಕದು ಆಗಿರಬೇಕೆಂದು ಹೊಳೆದರೆ, ಬಲಭಾಗದ ಅತಿ ಚಿಕ್ಕ ಸಂಖ್ಯೆ 60ನ್ನು ಮೇಲಕ್ಕೆ ತರಬಹುದೆಂದು ತಾನಾಗಿ ಸಿಗುತ್ತದೆ. ಹೊಳೆಯದಿದ್ದರೂ ನಷ್ಟವಿಲ್ಲ; ಆಮೇಲೆ ಕೇಳುವ ವಿವರಣೆ ಬೇರೆಯೇ ರೀತಿ ಕಿವಿಗೆ ಬೀಳುತ್ತದೆ. ಅರ್ಧ ಗಂಟೆಯ ವಿಡಿಯೊಗೆ ಹೀಗೆ ಒಂದು ಗಂಟೆ ಹಿಡಿಯಬಹುದು. ಆ ಸಮಯವನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಒಂದು ಸೆಮಿಸ್ಟರಿಗೆ ಒಂದೋ ಎರಡೋ ಕೋರ್ಸ್‌ಗೆ ಮಾತ್ರ ಸೇರಬೇಕು.

ವಿಡಿಯೊ ಮುಗಿದ ಮೇಲೆ ಎಲ್ಲ ಮುಚ್ಚಿಟ್ಟು, ನೆನಪಿನಿಂದ ಒಂದು ಪುಟ ಬರೆಯುವ ಅಭ್ಯಾಸಕ್ಕೂ ಗಟ್ಟಿ ಆಧಾರವಿದೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದು ನೋಡಿದ್ದವರು ಅವರನ್ನು ಹಿಂದೆ ಹಾಕಿದರು. ಎನ್‌ಪಿಟೆಲ್ ಪರೀಕ್ಷೆ ಬರುವುದು ವಾರಗಳ ನಂತರ.

ಅಂಕಗಳ ಲೆಕ್ಕ ಇದಕ್ಕೆ ತಕ್ಕಂತೆಯೇ ಇದೆ. ಸಾಮಾನ್ಯವಾಗಿ ಅಸೈನ್‌ಮೆಂಟ್‌ಗಳಿಗೆ 25, ಪರೀಕ್ಷೆಗೆ 75 ಅಂಕ. 12 ವಾರದ ಕೋರ್ಸ್‌ನಲ್ಲಿ ಅತ್ಯುತ್ತಮ ಎಂಟು ಅಸೈನ್‌ಮೆಂಟ್‌ಗಳನ್ನು ಪರಿಗಣಿಸುತ್ತಾರೆ. ಪ್ರಮಾಣಪತ್ರಕ್ಕೆ ಅಸೈನ್‌ಮೆಂಟ್‌ನಲ್ಲಿ 10, ಪರೀಕ್ಷೆಯಲ್ಲಿ 30 ಬೇರೆ ಬೇರೆಯಾಗಿಯೇ ಬರಬೇಕು. ಅಸೈನ್‌ಮೆಂಟ್‌ನಲ್ಲಿ 24 ಬಂದು ಪರೀಕ್ಷೆಯಲ್ಲಿ 29 ಬಂದರೆ ಒಟ್ಟು 53 ಆಗುತ್ತದೆ, ಪ್ರಮಾಣಪತ್ರ ಸಿಗುವುದಿಲ್ಲ. ಅಸೈನ್‌ಮೆಂಟ್ ಉತ್ತರಗಳು ಯೂಟ್ಯೂಬ್ ಮತ್ತು ಟೆಲಿಗ್ರಾಂನಲ್ಲಿ ವಾರವಾರ ಹರಿದಾಡುತ್ತವೆ. ಅವನ್ನು ನಕಲು ಮಾಡಿದವರಿಗೆ ಆಗುವ ನಿಜವಾದ ಹಾನಿ ಏನೆಂದರೆ, ತಮಗೆ ಏನು ಬರುವುದಿಲ್ಲ ಎಂಬುದೇ ತಿಳಿಯದೆ ಪರೀಕ್ಷಾ ಕೇಂದ್ರದ ಕಂಪ್ಯೂಟರ್ ಮುಂದೆ ಕೂರಬೇಕಾಗುತ್ತದೆ. ಗಡುವಿನೊಳಗೆ ಉತ್ತರವನ್ನು ಎಷ್ಟು ಸಲ ಬೇಕಾದರೂ ತಿದ್ದಿ ಸಲ್ಲಿಸಬಹುದು. ಆದ್ದರಿಂದ ಮೊದಲ ದಿನವೇ ಗೊತ್ತಿರುವಷ್ಟನ್ನು ತುಂಬಿ ಸಲ್ಲಿಸಿ, ಉಳಿದದ್ದನ್ನು ಪಾಠ ನೋಡುತ್ತಾ ಸರಿಪಡಿಸಿಕೊಳ್ಳುವುದು ಜಾಣತನ. ಕೊನೆಯ ರಾತ್ರಿ ನೆಟ್‌ವರ್ಕ್ ಕೈಕೊಡುವ ಭಯವೂ ಇರುವುದಿಲ್ಲ.

ಕೋರ್ಸ್ ಆರಂಭದಲ್ಲಿ ಬರುವ, ಅಂಕವಿಲ್ಲದ ‘ವಾರ 0’ ಅಸೈನ್‌ಮೆಂಟನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಅದು ಪೂರ್ವಜ್ಞಾನದ ಪರೀಕ್ಷೆ. ಅದರಲ್ಲಿ ಅರ್ಧದಷ್ಟೂ ಬಾರದಿದ್ದರೆ ಕೋರ್ಸ್ ಬದಲಿಸಲು ಅದೇ ಸಮಯ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ವಿಷಯಕ್ಕಿಂತ ಪ್ರಾಧ್ಯಾಪಕರ ಇಂಗ್ಲಿಷ್ ಉಚ್ಚಾರಣೆ ಮತ್ತು ವೇಗವೇ ಕಷ್ಟವೆನಿಸುವುದುಂಟು. ಪಾಠಗಳ ಲಿಖಿತ ರೂಪ ಡೌನ್‌ಲೋಡ್ ಮಾಡಿಕೊಳ್ಳಲು ಸಿಗುತ್ತದೆ; ಕೆಲವು ಕೋರ್ಸ್‌ಗಳಿಗೆ ಅದರ ಕನ್ನಡ ಅನುವಾದವೂ ಇದೆ. ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷ್ ವಿಡಿಯೊ ನೋಡಿದರೆ ಪಾರಿಭಾಷಿಕ ಪದಗಳು ಎರಡೂ ಭಾಷೆಗಳಲ್ಲಿ ಹಿಡಿತಕ್ಕೆ ಬರುತ್ತವೆ. ಕಾಲೇಜಿನಲ್ಲಿ ಎನ್‌ಪಿಟೆಲ್‌ನ ಲೋಕಲ್ ಚಾಪ್ಟರ್ ಇದ್ದರೆ ಅಲ್ಲಿನ ಮೆಂಟರ್ ಅಧ್ಯಾಪಕರನ್ನು, ಅದೇ ಕೋರ್ಸ್ ಓದುತ್ತಿರುವ ಒಬ್ಬಿಬ್ಬರನ್ನು ಮೊದಲ ವಾರದಲ್ಲೇ ಹುಡುಕಿಕೊಳ್ಳಬೇಕು.

ಪರೀಕ್ಷೆ ಮೂರು ಗಂಟೆಯದು, ಮೇಲ್ವಿಚಾರಕರ ಸಮಕ್ಷಮದಲ್ಲಿ ನಡೆಯುತ್ತದೆ. ಕೊನೆಯ ಹದಿನೈದು ದಿನ ವಿಡಿಯೊಗಳನ್ನು ಮತ್ತೆ ಓಡಿಸುವ ಬದಲು, ಹಳೆಯ ಅಸೈನ್‌ಮೆಂಟ್‌ಗಳ ಆಯ್ಕೆಗಳನ್ನು ಮುಚ್ಚಿಟ್ಟು ಉತ್ತರವನ್ನು ತಾನೇ ಬರೆದು ನೋಡಬೇಕು. ಮುಖ್ಯವಾಗಿ, ಲೆಕ್ಕದಿಂದ ಬಿಟ್ಟುಹೋದ ಆ ನಾಲ್ಕು ಅಸೈನ್‌ಮೆಂಟ್‌ಗಳನ್ನು ಇಲ್ಲಿ ಬಿಡಬಾರದು. ಪರೀಕ್ಷೆಯಲ್ಲಿ ಹನ್ನೆರಡೂ ವಾರಗಳ ಪ್ರಶ್ನೆಗಳು ಬರುತ್ತವೆ.