ಶುಲ್ಕವೋ ಸಂಪ್ರದಾಯವೋ

ಬಡ ನಾಡುಗಳ ಹೆಣ್ಣುಮಕ್ಕಳು ಶಾಲೆ ಬಿಡುವುದೇಕೆ ಎಂದರೆ ನಾವು ಥಟ್ಟನೆ ಕೊಡುವ ಉತ್ತರ ಸಂಪ್ರದಾಯ. ಆಫ್ರಿಕದ ವಿಷಯದಲ್ಲಂತೂ ಈ ಉತ್ತರವನ್ನು ಪರೀಕ್ಷಿಸುವ ಗೋಜಿಗೂ ಹೋಗುವುದಿಲ್ಲ. ಜಿಂಬಾಬ್ವೆಯ ಈಚಿನ ಚರಿತ್ರೆಯನ್ನು ನೋಡಿದರೆ ಆ ಉತ್ತರ ಸಾಲದೆನಿಸುತ್ತದೆ.

1980ರಲ್ಲಿ ಸ್ವತಂತ್ರವಾದ ಆ ದೇಶವು ಪ್ರಾಥಮಿಕ ಶಿಕ್ಷಣದ ಶುಲ್ಕವನ್ನು ರದ್ದುಗೊಳಿಸಿತು. ಬಿಳಿಯರ ಆಳ್ವಿಕೆಯಲ್ಲಿ ಬಹುಪಾಲು ಕರಿಯರಿಗೆ ಎಟುಕದಿದ್ದ ಪ್ರೌಢಶಾಲೆಗಳು ಗ್ರಾಮಾಂತರಕ್ಕೂ ಬಂದವು. ಆದರೆ ಅಲ್ಲಿ ಶುಲ್ಕ ಉಳಿದೇ ಇತ್ತು. 1991ರಲ್ಲಿ ಆರಂಭವಾದ ಆರ್ಥಿಕ ಪುನಾರಚನೆಯ ಕಾರ್ಯಕ್ರಮದಿಂದ ಸರ್ಕಾರದ ವೆಚ್ಚ ಕುಗ್ಗಿತು. ಮರುವರ್ಷ ಭೀಕರ ಬರ ಕವಿಯಿತು. ಒಂದೇ ಮಗುವನ್ನು ಓದಿಸಬಲ್ಲ ಮನೆಯಲ್ಲಿ ಆ ಮಗು ಹೆಚ್ಚಾಗಿ ಗಂಡಾಗಿರುತ್ತಿತ್ತು. ಮುಂದೆ ಸಂಬಳದ ಕೆಲಸ ಸಿಕ್ಕರೆ ಅವನಿಗೇ ಸಿಕ್ಕೀತು ಎಂಬುದು ಹೆತ್ತವರ ಲೆಕ್ಕ.

ಅದೇ 1991ರಲ್ಲಿ ಬ್ರಿಟನ್ನಿನ ಆನ್ ಕಾಟನ್ ಹೆಣ್ಣುಮಕ್ಕಳ ಶಾಲಾ ದಾಖಲಾತಿಯನ್ನು ಅಧ್ಯಯನ ಮಾಡಲು ಮೋಲಾ ಎಂಬಲ್ಲಿಗೆ ಹೋದರು. ಕರೀಬಾ ಅಣೆಕಟ್ಟಿಗಾಗಿ 1950ರ ದಶಕದಲ್ಲಿ ಜಾಂಬೆಜಿ ಕಣಿವೆಯಿಂದ ಎಬ್ಬಿಸಲಾದ ಟೋಂಗಾ ಜನರ ನೆಲೆಯದು. ಸಂಪ್ರದಾಯದ ಅಡ್ಡಿಯನ್ನು ನಿರೀಕ್ಷಿಸಿ ಹೋದವರಿಗೆ ಎದುರಾದದ್ದು ಬಡತನ. ಶುಲ್ಕ ಕಡಿಮೆಯೆಂದು ಸುಮಾರು 100 ಕಿಲೋಮೀಟರ್ ನಡೆದು ಬಂದಿದ್ದ ಅಕ್ಕತಂಗಿಯರು ಅಲ್ಲಿ ಓದುತ್ತಿದ್ದರು.

ಕಾಟನ್ ಅವರು 1993ರಲ್ಲಿ ಸ್ಥಾಪಿಸಿದ ಕ್ಯಾಮ್‌ಫೆಡ್ ಸಂಸ್ಥೆಯು 32 ಹುಡುಗಿಯರ ಓದಿನ ಹೊಣೆ ಹೊತ್ತು ಕೆಲಸ ಆರಂಭಿಸಿತು. ಶುಲ್ಕ ಕಟ್ಟಿದ ಮಾತ್ರಕ್ಕೆ ಹುಡುಗಿ ಶಾಲೆಯಲ್ಲಿ ಉಳಿಯುವುದಿಲ್ಲ. ಸಮವಸ್ತ್ರ, ಪಾದರಕ್ಷೆ, ನೋಟುಪುಸ್ತಕ, ಮುಟ್ಟಿನ ದಿನಗಳಿಗೆ ಬೇಕಾದ ಬಟ್ಟೆ, ಇವುಗಳಲ್ಲಿ ಒಂದು ಇಲ್ಲದಿದ್ದರೂ ಅವಳು ಮನೆಯಲ್ಲೇ ಕೂರಬಹುದು. ಆದ್ದರಿಂದ ಇವೂ ನೆರವಿನಲ್ಲಿ ಸೇರಿದವು. ಯಾರಿಗೆ ನೆರವು ಬೇಕೆಂಬುದನ್ನು ಗುರುತಿಸುವ ಕೆಲಸದಲ್ಲಿ ಶಿಕ್ಷಕರೂ ಪೋಷಕರೂ ಊರ ಹಿರಿಯರೂ ಪಾಲುಗೊಂಡರು. ಸಂಪ್ರದಾಯದ ಕಾವಲುಗಾರರೆಂದು ನಾವು ಭಾವಿಸುವವರೇ ಹೆಣ್ಣುಮಕ್ಕಳ ಓದಿಗೆ ಆಸರೆಯಾದರು.

ನೆರವು ಪಡೆದು ಓದು ಮುಗಿಸಿದ ಯುವತಿಯರು 1998ರಲ್ಲಿ ತಮ್ಮದೇ ಸಂಘ ಕಟ್ಟಿ, ಕಿರಿಯರನ್ನು ಓದಿಸಲು ಮುಂದಾದರು. ಮೊದಲ ತಂಡದ ಏಂಜಲೀನ್ ಮುರಿಮಿರ್ವಾ ಮುಂದೆ ಇಡೀ ಸಂಸ್ಥೆಯ ಮುಖ್ಯಸ್ಥೆಯೇ ಆದರು. ಜಾಂಬಿಯಾ, ಘಾನಾ, ತಾಂಜಾನಿಯಾ, ಮಲಾವಿಗಳಿಗೂ ಈ ಕಾರ್ಯ ಹಬ್ಬಿತು.

ಗಂಡಿಗೆ ಮೊದಲ ಮಣೆ ಹಾಕುವಲ್ಲಿ ರೂಢಿಯ ಪಾತ್ರವೇ ಇಲ್ಲವೆಂದು ನಾವು ಹೇಳಲಾರೆವು. ಆದರೆ ಇಬ್ಬರನ್ನೂ ಓದಿಸುವಷ್ಟು ಹಣವಿದ್ದ ಮನೆಯಲ್ಲಿ ಆ ಆಯ್ಕೆಯ ಪ್ರಸಂಗವೇ ಬಾರದಿರಬಹುದಿತ್ತು. ಸಂಪ್ರದಾಯವನ್ನು ದೂರುವುದಕ್ಕೆ ನಮಗೇನೂ ಖರ್ಚಾಗುವುದಿಲ್ಲ. ಬಹುಶಃ ಅದಕ್ಕಾಗಿಯೇ ಆ ಉತ್ತರ ನಮ್ಮ ನಾಲಗೆಗೆ ಅಷ್ಟು ಸುಲಭವಾಗಿ ಬರುತ್ತದೆ.