ಆದಿ ವಿಶ್ವದ ಗುರುತ್ವ ಅಲೆಗಳ ಬೇಟೆ

2015ರಲ್ಲಿ ಅಮೆರಿಕದ ಲೈಗೊ ವೀಕ್ಷಣಾಲಯ ಮೊದಲು ಹಿಡಿದ ಗುರುತ್ವ ಅಲೆ ಕ್ಷಣಮಾತ್ರದಲ್ಲಿ ಬಂದು ಹೋಯಿತು. ಎರಡು ಕಪ್ಪುಕುಳಿಗಳು ಒಂದಾದ ಸುದ್ದಿ ಅದು. ಹಿನ್ನೆಲೆ ಅಲೆಗಳ ಜಾತಿ ಬೇರೆ. ಅವು ಎಲ್ಲ ದಿಕ್ಕಿನಿಂದಲೂ ಎಡೆಬಿಡದೆ, ಒಂದರ ಮೇಲೊಂದು ಬೀಳುತ್ತ ಬರುತ್ತವೆ. ಸಂತೆಯ ಗದ್ದಲದಲ್ಲಿ ಯಾರ ದನಿ ಯಾವುದೆಂದು ಬಿಡಿಸಲಾಗದಂತೆ, ಇಲ್ಲೂ ಗದ್ದಲ ಕೇಳಿಸಿದರಷ್ಟೇ ಸಾಲದು. ಅದು ಯಾರದೆಂದು ಹೇಳುವುದೇ ಕಷ್ಟ.

ಬೆಳಕು ತಲುಪದ ಕಾಲ

ಮಹಾಸ್ಫೋಟದ ನಂತರ ಸುಮಾರು 3.8 ಲಕ್ಷ ವರ್ಷ ವಿಶ್ವ ಬಿಸಿ ಪ್ಲಾಸ್ಮಾ ಆಗಿತ್ತು. ಬೆಳಕು ಎಲೆಕ್ಟ್ರಾನುಗಳಿಗೆ ಬಡಿದು ಚದುರುತ್ತಿದ್ದುದರಿಂದ ಯಾವ ದೂರದರ್ಶಕಕ್ಕೂ ಅದರಾಚೆ ಕಾಣದು. ಗುರುತ್ವ ಅಲೆಗಳನ್ನು ಆ ಪ್ಲಾಸ್ಮಾ ತಡೆಯಲಿಲ್ಲ. ವಿಶ್ವ ಹುಟ್ಟಿದೊಡನೆ ಅತಿವೇಗದಲ್ಲಿ ಹಿಗ್ಗಿದ್ದು ನಿಜವಾದರೆ, ಆಗ ಎದ್ದ ಅಲೆಗಳು ಇಂದಿಗೂ ಕ್ಷೀಣವಾಗಿ ಉಳಿದಿರಬೇಕು.

ದಕ್ಷಿಣ ಧ್ರುವದ ಧೂಳು

ಆ ಅಲೆಗಳು, ಪ್ಲಾಸ್ಮಾ ತಿಳಿಯಾದಾಗ ಹೊರಟ ಬೆಳಕಾದ ಮೈಕ್ರೋವೇವ್ ಹಿನ್ನೆಲೆ ವಿಕಿರಣದ ಧ್ರುವೀಕರಣದಲ್ಲಿ ಸುಳಿಯಂಥ ವಿನ್ಯಾಸವನ್ನು ಬಿಟ್ಟಿರುತ್ತವೆ ಎನ್ನುತ್ತದೆ ಸಿದ್ಧಾಂತ. 2014ರ ಮಾರ್ಚ್ 17ರಂದು ಬೈಸೆಪ್2 ತಂಡ ಅದು ಸಿಕ್ಕಿತೆಂದು ಸಾರಿತು. ದಕ್ಷಿಣ ಧ್ರುವದಲ್ಲಿದ್ದ ಅವರ ದೂರದರ್ಶಕದ ಮಸೂರ ಬರೀ 26 ಸೆಂಟಿಮೀಟರ್ ಅಗಲ. ಅಳತೆ ತಪ್ಪಿರಲಿಲ್ಲ, ಸುಳಿ ಇತ್ತು. ಆದರೆ ನಮ್ಮದೇ ಆಕಾಶಗಂಗೆಯ ಧೂಳಿನ ಕಣಗಳೂ ಕಾಂತಕ್ಷೇತ್ರಕ್ಕೆ ಹೊಂದಿಕೊಂಡು ನಿಂತು ಅಂಥದೇ ಸುಳಿ ಮೂಡಿಸುತ್ತವೆ. ಬೈಸೆಪ್2 ನೋಡಿದ್ದು 150 ಗಿಗಾಹರ್ಟ್ಸ್ ಎಂಬ ಒಂದೇ ಆವರ್ತನದಲ್ಲಿ; ಧೂಳನ್ನು ಬೇರ್ಪಡಿಸಲು ಅದು ಸಾಲದು. ಪ್ಲಾಂಕ್ ಉಪಗ್ರಹದ 353 ಗಿಗಾಹರ್ಟ್ಸ್ ನಕ್ಷೆ ಜೊತೆಗೂಡಿದಾಗ, 2015ರ ಆರಂಭದಲ್ಲಿ ಆ ಘೋಷಣೆ ಬಿದ್ದುಹೋಯಿತು. ಪತ್ರಿಕಾಗೋಷ್ಠಿಗೆ ಅಷ್ಟು ಅವಸರ ಬೇಕಿರಲಿಲ್ಲ.

ಪಲ್ಸಾರ್ ಗಡಿಯಾರಗಳು

ಇನ್ನೊಂದು ದಾರಿ ಪಲ್ಸಾರ್‌ಗಳದು. ಸೆಕೆಂಡಿಗೆ ನೂರಾರು ಸುತ್ತು ಹಾಕುವ ಈ ನಕ್ಷತ್ರಗಳ ರೇಡಿಯೋ ಮಿಡಿತ ಕರಾರುವಾಕ್ಕು. ವರ್ಷಗಟ್ಟಲೆ ಉದ್ದದ ಅಲೆ ಹಾದರೆ ಮಿಡಿತಗಳು ತುಸು ಬೇಗ ಇಲ್ಲವೇ ತಡವಾಗಿ ಬರುತ್ತವೆ. ಎರಡೆರಡು ಪಲ್ಸಾರ್‌ಗಳ ಏರುಪೇರು, ಅವುಗಳ ನಡುವಿನ ಕೋನಕ್ಕೆ ತಕ್ಕಂತೆ ಹೇಗೆ ಹೊಂದಬೇಕೆಂದು ಹೆಲಿಂಗ್ಸ್ ಮತ್ತು ಡೌನ್ಸ್ 1983ರಲ್ಲೇ ಲೆಕ್ಕಹಾಕಿದ್ದರು.

2023ರ ಜೂನ್‌ನಲ್ಲಿ ಅಮೆರಿಕದ ನ್ಯಾನೋಗ್ರಾವ್, ಯುರೋಪು–ಭಾರತದ ಜಂಟಿ ತಂಡ, ಆಸ್ಟ್ರೇಲಿಯ ಮತ್ತು ಚೀನಾದ ತಂಡಗಳು ಆ ಹೊಂದಾಣಿಕೆಯ ಕುರುಹು ಕಂಡಿರುವುದಾಗಿ ಒಟ್ಟಿಗೇ ತಿಳಿಸಿದವು. ಭಾರತದ ಪಾಲು ಪುಣೆ ಬಳಿಯ ಖೋಡದ್‌ನ ಜಿಎಂಆರ್‌ಟಿ ದೂರದರ್ಶಕದ್ದು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ತಂಡದಲ್ಲಿದ್ದರು. ನಕ್ಷತ್ರಗಳ ನಡುವಿನ ಎಲೆಕ್ಟ್ರಾನುಗಳು ಕಡಿಮೆ ಆವರ್ತನದ ಮಿಡಿತಗಳನ್ನು ಹೆಚ್ಚು ತಡಮಾಡುತ್ತವೆ. ಆ ತಡವನ್ನು ಅಳೆದು ಕಳೆಯಲು ಜಿಎಂಆರ್‌ಟಿ ಹೇಳಿಮಾಡಿಸಿದಂತಿದೆ.

ಯಾರ ಗದ್ದಲ?

ಗೆಲಾಕ್ಸಿಗಳ ಕೇಂದ್ರದಲ್ಲಿರುವ ದೈತ್ಯ ಕಪ್ಪುಕುಳಿ ಜೋಡಿಗಳದು ಎಂಬ ಊಹೆಗೇ ಹೆಚ್ಚು ಬಲ. ಆದಿ ವಿಶ್ವದ ಪಾಲನ್ನೂ ತಳ್ಳಿಹಾಕಿಲ್ಲ. ಪರೀಕ್ಷೆಯೊಂದಿದೆ: ಆದಿಯ ಅಲೆಗಳಾದರೆ ಆಕಾಶದ ತುಂಬ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಬೇಕು, ಕಪ್ಪುಕುಳಿಗಳದಾದರೆ ಹತ್ತಿರದ ಜೋಡಿಗಳಿರುವ ಕಡೆ ಜೋರಾಗಿರಬೇಕು. ಇನ್ನೂ ಹಲವು ಪಲ್ಸಾರ್‌ಗಳನ್ನು ಸೇರಿಸಿಕೊಂಡು ಈಗ ಹುಡುಕುತ್ತಿರುವುದು ಆ ಏರಿಳಿತವನ್ನೇ.